ಟ್ಯಾಗು, ರೀಡರು ಮಾತಾಡ್ಕೊಳ್ಳೋದು ಹೇಗೆ? ಕಾಂತಕ್ಷೇತ್ರದ ಗಿಡ್ಡ ರೇಂಜು ನಿಮಗ್ಯಾಕೆ ಬೇಕು?

ಓದುಗರೊಬ್ಬರ ಪ್ರಶ್ನೆ: "ನಮ್ಮ ವರ್ಕ್‌ಶಾಪಲ್ಲಿ ಸುಮಾರು 600 ಟೂಲ್ಸ್ ಇದಾವೆ, ಟಾರ್ಕ್ ರೆಂಚು, ಮೈಕ್ರೋಮೀಟರು, ಡಯಲ್ ಗೇಜು ಈ ಥರದವು, ಎಲ್ಲಾ ಸ್ಟೀಲ್ ಕಪಾಟಿನ ಡ್ರಾಯರ್‌ಗಳಲ್ಲಿ. ಯಾರು ತಗೊಂಡ್ರು, ವಾಪಸ್ ಇಟ್ರಾ ಇಲ್ವಾ ಗೊತ್ತಾಗ್ಲಿ ಅಂತ ಎಲ್ಲದಕ್ಕೂ ಯುಎಚ್‌ಎಫ್ ಟ್ಯಾಗ್, ಅಂದ್ರೆ ರೀಡರ್ ಅನ್ನೋ ಯಂತ್ರ ರೇಡಿಯೋ ಅಲೆಯಲ್ಲಿ ಓದೋ ಪುಟ್ಟ ಚಿಪ್ ಇರೋ ಪಟ್ಟಿ, ಹಚ್ಚಿದ್ವಿ. ಈಗ ಏನಾಗ್ತಿದೆ ಅಂದ್ರೆ ಪಕ್ಕದ ಕಪಾಟಿನ ಟೂಲು ಈ ಕಪಾಟಲ್ಲಿದೆ ಅಂತ ತೋರಿಸತ್ತೆ, ಕಣ್ಣೆದುರಿಗೇ ಇರೋದು ಇಲ್ಲ ಅನ್ನತ್ತೆ. ಒಬ್ರು ಬಂದು ಮ್ಯಾಗ್ನೆಟಿಕ್ ಫೀಲ್ಡಲ್ಲಿ ಕೆಲಸ ಮಾಡೋ ಟ್ಯಾಗ್ ಹಾಕಿ ಅಂತಿದಾರೆ. ಅಯಸ್ಕಾಂತದಿಂದ ಡೇಟಾ ಹೇಗೆ ಹೋಗತ್ತೆ? ಎಷ್ಟು ದೂರದವರೆಗೆ ಓದತ್ತೆ? ನಮ್ಮ ಟೂಲ್ಸ್ ಮ್ಯಾಗ್ನೆಟೈಸ್ ಆಗಿ ಹಾಳಾಗಲ್ವಾ?"

ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಆ ಭಯ ಇರೋವರೆಗೂ ಉಳಿದಿದ್ದು ತಲೆಗೆ ಹೋಗಲ್ಲ. ನಿಮ್ಮ ಟೂಲ್ಸ್‌ಗೆ ಏನೂ ಆಗಲ್ಲ. ಫೋನು, ಕಾರ್ಡುಗಳಲ್ಲಿ ಬಳಸೋ ಐಎಸ್‌ಒ 14443 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಕಾರ್ಡ್ ಇರೋ ಜಾಗದಲ್ಲಿ ಕ್ಷೇತ್ರ ಮೀಟರ್‌ಗೆ 1.5ರಿಂದ 7.5 ಆಂಪಿಯರ್ ಒಳಗೆ ಇರ್ಬೇಕು, ಡ್ರಾಯರ್‌ಗಳಿಗೆ ಬಳಸೋ ಐಎಸ್‌ಒ 15693ರಲ್ಲಂತೂ 0.15ರಿಂದ 5 ಅಷ್ಟೇ. ಭೂಮಿಯ ಕಾಂತಕ್ಷೇತ್ರ ಎಷ್ಟಿದೆ ಗೊತ್ತಾ, ಅದೇ ಅಳತೆಯಲ್ಲಿ ಜಾಗಕ್ಕೆ ತಕ್ಕ ಹಾಗೆ ಸುಮಾರು 20ರಿಂದ 50. ಅಂದ್ರೆ ನಿಮ್ಮ ರೆಂಚು ಹುಟ್ಟಿದಾಗಿಂದ ಇದಕ್ಕಿಂತ ದೊಡ್ಡ ಕ್ಷೇತ್ರದಲ್ಲೇ ಬಿದ್ಕೊಂಡಿದೆ. ಮೇಲಾಗಿ ರೀಡರಿನ ಕ್ಷೇತ್ರ ಒಂದೇ ಕಡೆ ಎಳೆಯೋದಲ್ಲ, ಸೆಕೆಂಡಿಗೆ ಲಕ್ಷಾಂತರ ಸಲವೋ ಕೋಟಿಗೂ ಹೆಚ್ಚು ಸಲವೋ ದಿಕ್ಕು ಬದಲಾಯಿಸ್ತಾನೇ ಇರತ್ತೆ, ಉಕ್ಕಿಗೆ ಒಂದು ಕಡೆ ತಿರುಗಿ ನಿಲ್ಲೋಕೆ ಪುರುಸೊತ್ತೇ ಕೊಡಲ್ಲ.

ಈ ಬದಲಾಗ್ತಾ ಇರೋದು ಅನ್ನೋದೇ ಎಲ್ಲದರ ಮೂಲ. ಸುಮ್ಮನೆ ಇಟ್ಟ ಅಯಸ್ಕಾಂತದಿಂದ ಯಾವ ಡೇಟಾನೂ ಹೋಗಲ್ಲ, ನಿಮ್ಮ ಅನುಮಾನ ಸರಿಯಾಗೇ ಇದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಎರಡು ಸುರುಳಿ ಸುತ್ತಿ ನೋಡಿದಾಗ ಒಂದು ಸುರುಳಿಗೆ ಬ್ಯಾಟರಿ ಕೊಟ್ಟ ಕ್ಷಣ ಇನ್ನೊಂದರ ಕಡೆ ಇದ್ದ ಕಾಂತದ ಮುಳ್ಳು ಅಲುಗಾಡ್ತು, ಕರೆಂಟ್ ಹರೀತಾ ಇರುವಾಗ ಸುಮ್ಮನಾಯ್ತು, ಬ್ಯಾಟರಿ ಕಿತ್ತ ತಕ್ಷಣ ಮತ್ತೆ ಉಲ್ಟಾ ಅಲುಗಾಡ್ತು. ಕ್ಷೇತ್ರ ಬದಲಾಗುವಾಗ ಮಾತ್ರ ಎರಡನೇ ಸುರುಳಿಗೆ ಗೊತ್ತಾಗತ್ತೆ. ನಿಮ್ಮ ಡ್ರಾಯರ್ ಕೆಳಗೆ ಕೂರೋ ರೀಡರ್ ಆಂಟೆನಾ ಆ ಮೊದಲನೇ ಸುರುಳಿ, ಟೂಲಿಗೆ ಅಂಟಿಸೋ ಟ್ಯಾಗು ಎರಡನೇದು, ಮಧ್ಯದಲ್ಲಿ ಕಬ್ಬಿಣದ ಬಳೆ ಇಲ್ಲ, ಬರೀ ಗಾಳಿ. ಎರಡು ಹೋಳು ಮಾಡಿ ದೂರ ಇಟ್ಟ ಟ್ರಾನ್ಸ್‌ಫಾರ್ಮರ್ ಅಂದ್ಕೊಳ್ಳಿ.

ಈಗ ನಿಮ್ಮ ಯುಎಚ್‌ಎಫ್ ಯಾಕೆ ಹಾಗಾಡ್ತಿದೆ ಅಂತ ಹೇಳ್ತೀನಿ, ಆಮೇಲೆ ಇದರ ವ್ಯತ್ಯಾಸ ತಾನಾಗೇ ಗೊತ್ತಾಗತ್ತೆ. ಯಾವುದೇ ಆಂಟೆನಾ ಸುತ್ತ ಎರಡು ಥರದ ಪ್ರದೇಶ ಇರತ್ತೆ. ಹತ್ತಿರದಲ್ಲಿ ಕ್ಷೇತ್ರ ಆಂಟೆನಾಗೇ ಕಟ್ಟಿ ಹಾಕಿದ ಹಾಗೆ ಇರತ್ತೆ, ಹೊರಗೆ ಹೋದ ಶಕ್ತಿ ವಾಪಸ್ ಅದೇ ಸುರುಳಿಗೆ ಬರತ್ತೆ, ಪ್ರತಿ ಸುತ್ತಿಗೂ ಹೋಗಿ ಬಂದು ಮಾಡ್ತಾ ಇರತ್ತೆ. ಒಂದು ಅಂತರ ದಾಟಿದ ಮೇಲೆ ಅದು ಕಳಚ್ಕೊಂಡು ಅಲೆಯಾಗಿ ಹೊರಟು ಹೋಗತ್ತೆ, ಆಮೇಲೆ ಅದು ಆಂಟೆನಾ ಮಾತು ಕೇಳಲ್ಲ. ಆ ಗಡಿ ಸುಮಾರು ತರಂಗದೂರವನ್ನ, ಅಂದ್ರೆ ಅಲೆಯ ಒಂದು ಏರಿಂದ ಮುಂದಿನ ಏರಿಗೆ ಇರೋ ದೂರವನ್ನ, 6.28ರಿಂದ ಭಾಗಿಸಿದಷ್ಟು. ಯುಎಚ್‌ಎಫ್ ಟ್ಯಾಗುಗಳು 860ರಿಂದ 960 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡ್ತಾವೆ, ಅಲ್ಲಿ ಈ ಗಡಿ ಐದು ಸೆಂಟಿಮೀಟರ್ ಆಸುಪಾಸು ಬರತ್ತೆ, ಅಂದ್ರೆ ನಿಮ್ಮ ಟ್ಯಾಗುಗಳೆಲ್ಲ ಹೆಚ್ಚು ಕಮ್ಮಿ ಅಲೆಯ ಸೀಮೆಯಲ್ಲೇ ಇದಾವೆ. ಅಲೆ ಸ್ಟೀಲಿಗೆ ಬಡಿದು ವಾಪಸ್ ಬರತ್ತೆ, ಇನ್ನೊಂದು ಅಲೆ ಜೊತೆ ಸೇರಿ ಒಂದು ಕಡೆ ಜೋರಾಗತ್ತೆ, ನಾಲ್ಕು ಬೆರಳು ಪಕ್ಕದಲ್ಲಿ ಸೊನ್ನೆಯಾಗತ್ತೆ, ಕಪಾಟಿನ ಸಂದಿಯಿಂದ ನುಸುಳಿ ಪಕ್ಕದ ಕಪಾಟಿಗೂ ಹೋಗತ್ತೆ. ನಿಮಗೆ ಆಗ್ತಿರೋದು ಇದೇನೇ. ಗೋಡೌನ್ ಬಾಗಿಲಲ್ಲಿ ಪ್ಯಾಲೆಟ್‌ಗಟ್ಟಲೆ ಬಾಕ್ಸು ಎಣಿಸೋಕೆ ಯುಎಚ್‌ಎಫ್‌ಗೆ ಸಾಟಿ ಇಲ್ಲ, ಅದನ್ನ ನಾನು ಬೈತಾ ಇಲ್ಲ, ಆದ್ರೆ ಸ್ಟೀಲ್ ಡ್ರಾಯರ್ ಒಳಗಿನ ಸ್ಟೀಲ್ ಟೂಲಿಗೆ ಅದು ತಪ್ಪು ಆಯ್ಕೆ.

13.56 ಮೆಗಾಹರ್ಟ್ಸ್‌ಗೆ ಬನ್ನಿ, ಎಚ್‌ಎಫ್ ಅಂತ ಕರೆಯೋದು ಇದನ್ನೇ, ಫೋನಲ್ಲಿರೋ ಎನ್‌ಎಫ್‌ಸಿನೂ ಇದೇ. ತರಂಗದೂರ 22 ಮೀಟರ್, ಗಡಿ ಸುಮಾರು ಮೂರೂವರೆ ಮೀಟರ್. 134.2 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ ದನ ನಾಯಿಗಳ ಚರ್ಮದಡಿ ಹಾಕೋ ಚಿಪ್ಪಿನ ಫ್ರೀಕ್ವೆನ್ಸಿಯಲ್ಲಿ, ಆ ಗಡಿ 350 ಮೀಟರ್ ದಾಟತ್ತೆ. ಟ್ಯಾಗು ಇರೋದು ಅರ್ಧ ಅಡಿ ದೂರದಲ್ಲಿ! ಅಲೆ ಅನ್ನೋದು ಹುಟ್ಟೋಕೂ ಎಷ್ಟೋ ಮುಂಚಿನ ಜಾಗ ಅದು. ಅಲ್ಲಿ ಬಡಿದು ವಾಪಸ್ ಬರೋದು, ಅಲೆ ಅಲೆ ಸೇರಿ ಸೊನ್ನೆಯಾಗೋದು ಇವೆಲ್ಲ ಇಲ್ಲ, ಸುರುಳಿಯಿಂದ ಹೊರಟು ಸುತ್ತಿ ಬಂದು ಸುರುಳಿಗೇ ಸೇರೋ ರೇಖೆಗಳು ಅಷ್ಟೇ.

ಈಗ ಡೇಟಾ ಹೇಗೆ ಹೋಗತ್ತೆ ಅನ್ನೋದು. ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ಸುರುಳಿ ಇದೆ, ಒಂದು ಚಿಕ್ಕ ಚಿಪ್ ಇದೆ, ಚಿಪ್ ಒಳಗೆ ಚಾರ್ಜ್ ಕೂಡಿಡೋ ಒಂದು ಕೆಪಾಸಿಟರ್ ಇದೆ. ಸುರುಳಿ ಮತ್ತು ಕೆಪಾಸಿಟರ್ ಸೇರಿ ಒಂದು ಜೋಕಾಲಿ ಥರ, ಅದಕ್ಕೆ ಅದರದ್ದೇ ತೂಗೋ ವೇಗ ಇರತ್ತೆ, ಅದೇ ವೇಗದಲ್ಲಿ ಮೆಲ್ಲಗೆ ತಳ್ತಾ ಇದ್ರೂ ಸಾಕು, ತೂಗು ದೊಡ್ಡದಾಗ್ತಾ ಹೋಗತ್ತೆ. ಲೆಕ್ಕ ಬೇಕು ಅನ್ನೋರಿಗೆ: ಚಿಪ್ ಕೆಪಾಸಿಟರ್ 23.5 ಪಿಕೋಫ್ಯಾರಡ್ ಇದ್ರೆ, ಅದು ತುಂಬಾ ಸಾಮಾನ್ಯ ಬೆಲೆ, ಸುರುಳಿಯ ಇಂಡಕ್ಟೆನ್ಸ್, ಅಂದ್ರೆ ಕರೆಂಟ್ ಬದಲಾಗೋದನ್ನ ವಿರೋಧಿಸೋ ಗುಣ, ಹತ್ತಿರಹತ್ತಿರ 5.9 ಮೈಕ್ರೋಹೆನ್ರಿ ಇರ್ಬೇಕು, ಆಗ 13.56ಕ್ಕೆ ಕೂರತ್ತೆ. ರೀಡರಿಂದ ಹೊರಟ ಕ್ಷೇತ್ರದಲ್ಲಿ ನೂರಕ್ಕೆ ಒಂದು ಪಾಲೋ ಅದಕ್ಕಿಂತ ಕಮ್ಮಿನೋ ಮಾತ್ರ ಟ್ಯಾಗಿನ ಸುರುಳಿ ಒಳಗೆ ಹಾಯ್ದು ಹೋಗತ್ತೆ, ಆದ್ರೂ ಈ ಜೋಕಾಲಿ ತೂಗೋದ್ರಿಂದ ಚಿಪ್ ಏಳೋವಷ್ಟು ವೋಲ್ಟೇಜ್ ಬಂದ್ಬಿಡತ್ತೆ.

ರೀಡರ್ ಟ್ಯಾಗಿಗೆ ಹೇಳೋದು ಸುಲಭ. ತನ್ನ ಕ್ಷೇತ್ರವನ್ನ ಕಣ್ಣು ಮಿಟುಕಿಸಿದ ಹಾಗೆ ತುಂಡು ತುಂಡಾಗಿ ನಿಲ್ಲಿಸತ್ತೆ ಇಲ್ಲಾ ಸ್ವಲ್ಪ ಕಮ್ಮಿ ಮಾಡತ್ತೆ, ಐಎಸ್‌ಒ 15693ರಲ್ಲಿ ಒಂದೊಂದು ಮಿಟುಕು 9.44 ಮೈಕ್ರೋಸೆಕೆಂಡ್, ಅದು ಯಾವ ಜಾಗದಲ್ಲಿ ಬಂತು ಅನ್ನೋದ್ರ ಮೇಲೆ ಬಿಟ್ ಯಾವುದು ಅಂತ ಗೊತ್ತಾಗತ್ತೆ. ಮಿಟುಕು ಇಷ್ಟು ಚಿಕ್ಕದಿರೋದ್ರಿಂದ ಮಧ್ಯದಲ್ಲಿ ಟ್ಯಾಗಿಗೆ ಹಸಿವಾಗಲ್ಲ.

ಟ್ಯಾಗು ವಾಪಸ್ ಉತ್ತರ ಕೊಡೋದೇ ನನಗೆ ಈ ವಿದ್ಯೆಯಲ್ಲಿ ಅತೀ ಇಷ್ಟವಾದ ಭಾಗ. ಅದು ಏನನ್ನೂ ಕಳಿಸಲ್ಲ, ಕಳಿಸೋಕೆ ಅದರ ಹತ್ರ ಶಕ್ತಿನೇ ಇಲ್ಲ. ಹಳೇ ಸೈಕಲ್ಲಿನ ಡೈನಮೊ ನೆನಪಿದ್ಯಾ, ಟೈರಿಗೆ ಒತ್ಕೊಂಡು ತಿರುಗೋದು? ಲೈಟ್ ಆಫ್ ಇದ್ದಾಗ ಪೆಡಲ್ ಹಗುರ, ಲೈಟ್ ಆನ್ ಆದ ಕೂಡ್ಲೆ ಪೆಡಲ್ ಭಾರ. ಈಗ ನೀವು ಕಣ್ಣು ಮುಚ್ಕೊಂಡು ಪೆಡಲ್ ತುಳೀತಾ ಇದೀರ, ಸೈಕಲ್ ಸ್ಟ್ಯಾಂಡ್ ಮೇಲಿದೆ, ಯಾರೋ ಒಬ್ರು ಲೈಟಿನ ಸ್ವಿಚ್ಚನ್ನ ಆನ್ ಆಫ್ ಮಾಡ್ತಾ ಇದಾರೆ ಅನ್ಕೊಳ್ಳಿ. ನಿಮ್ಮ ಕಾಲಿಗೆ ಅದು ಗೊತ್ತಾಗತ್ತೆ, ಭಾರ, ಹಗುರ, ಭಾರ, ಭಾರ, ಹಗುರ. ಆತ ನಿಮಗೆ ಒಂದು ಮಾತೂ ಆಡ್ಲಿಲ್ಲ, ನಿಮ್ಮದೇ ಶಕ್ತಿಯನ್ನ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಎಳ್ಕೊಂಡ, ಅಷ್ಟರಲ್ಲೇ ಸಂದೇಶ ಮುಟ್ತು. ಟ್ಯಾಗು ಮಾಡೋದು ಇದನ್ನೇ. ಚಿಪ್ ಒಳಗೆ ಒಂದು ಚಿಕ್ಕ ಸ್ವಿಚ್ ಸುರುಳಿಗೆ ಅಡ್ಡ ಒಂದು ಲೋಡ್ ಸೇರಿಸತ್ತೆ, ತೆಗಿಯತ್ತೆ, ಆ ಭಾರ ಗಾಳಿಯಲ್ಲಿ ಹಾಯ್ದು ರೀಡರ್ ಸುರುಳಿಯ ವೋಲ್ಟೇಜಲ್ಲಿ ಕಾಣತ್ತೆ. ಲೋಡ್ ಮಾಡ್ಯುಲೇಶನ್ ಅನ್ನೋದು ಇದನ್ನೇ.

ಆದ್ರೆ ಆ ಅಲುಗಾಟ ಎಷ್ಟು ಚಿಕ್ಕದು ಅಂದ್ರೆ, ರೀಡರ್ ಆಂಟೆನಾ ಮೇಲೆ 100 ವೋಲ್ಟ್ ಇದ್ರೆ ಟ್ಯಾಗಿನಿಂದ ಆಗೋ ವ್ಯತ್ಯಾಸ 10 ಮಿಲಿವೋಲ್ಟ್ ಆಸುಪಾಸು. ಹತ್ತು ಸಾವಿರಕ್ಕೆ ಒಂದು. ಅದನ್ನ ನೇರವಾಗಿ ಹುಡುಕೋಕೆ ಹೋದ್ರೆ ಸಿಗಲ್ಲ, ಅದಕ್ಕೇ ಟ್ಯಾಗು ಆ ಸ್ವಿಚ್ಚನ್ನ ಸುಮ್ಮನೆ ಒತ್ತಲ್ಲ, ಸೆಕೆಂಡಿಗೆ 4,23,750 ಸಲದ ತಾಳದಲ್ಲಿ ಒತ್ತತ್ತೆ, 13.56ನ್ನ 32ರಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು. ಇದರಿಂದ ಏನಾಗತ್ತೆ ಅಂದ್ರೆ ಟ್ಯಾಗಿನ ಉತ್ತರ ರೀಡರಿನ ದೊಡ್ಡ ದನಿಯ ಮೇಲೇ ಕೂರದೆ ಅದರ ಎರಡೂ ಪಕ್ಕದಲ್ಲಿ ಸ್ವಲ್ಪ ದೂರ ಹೋಗಿ ಕೂರತ್ತೆ, ಫಿಲ್ಟರ್ ಹಾಕಿ ದೊಡ್ಡ ದನಿಯನ್ನ ತೆಗೆದು ಪಕ್ಕದ್ದನ್ನ ಮಾತ್ರ ಕೇಳ್ಬೋದು. ಹಾಗಾಗಿ ರೀಡರ್ ಆಂಟೆನಾನ ತೀರಾ ಚೂಪಾಗಿ, ಅಂದ್ರೆ 13.56 ಒಂದಕ್ಕೇ ಸ್ಪಂದಿಸೋ ಹಾಗೆ, ಟ್ಯೂನ್ ಮಾಡ್ಬಾರ್ದು, ಶಕ್ತಿ ಜಾಸ್ತಿ ಬರತ್ತೆ ಅಂತ ಆಸೆ ಬಿದ್ದು ಚೂಪು ಮಾಡಿದ್ರೆ ಪಕ್ಕದ ಆ ಎರಡು ದನಿ ಕತ್ತರಿಸಿ ಹೋಗ್ತಾವೆ. ಟ್ಯಾಗು ಎಚ್ಚರ ಆಗತ್ತೆ, ಉತ್ತರಾನೂ ಕೊಡತ್ತೆ, ರೀಡರಿಗೆ ಮಾತ್ರ ಕೇಳಲ್ಲ! ಇದನ್ನ ಪತ್ತೆ ಹಚ್ಚೋಕೆ ನಾನು ಒಂದ್ಸಲ ಎರಡು ದಿನ ಕೂತಿದೀನಿ.

ಜಾನುವಾರು ಟ್ಯಾಗುಗಳಲ್ಲಿ ಇನ್ನೊಂದು ಉಪಾಯ ಇದೆ, ಎಚ್‌ಡಿಎಕ್ಸ್ ಅಂತಾರೆ. ರೀಡರ್ ಸುಮಾರು 50 ಮಿಲಿಸೆಕೆಂಡ್ ಕ್ಷೇತ್ರ ಕೊಟ್ಟು ಟ್ಯಾಗಿನ ಕೆಪಾಸಿಟರ್ ತುಂಬಿಸತ್ತೆ, ಆಮೇಲೆ ತಾನು ಪೂರ್ತಿ ಸುಮ್ಮನಾಗತ್ತೆ, ಆ ನಿಶ್ಶಬ್ದದಲ್ಲಿ ಟ್ಯಾಗು ಕೂಡಿಟ್ಟ ಶಕ್ತಿಯಿಂದ ತಾನೇ ಮಾತಾಡತ್ತೆ, 134.2 ಕಿಲೋಹರ್ಟ್ಸ್ ಒಂದು ಬಿಟ್‌ಗೆ, 124.2 ಇನ್ನೊಂದಕ್ಕೆ. ಕೇಳೋನು ಬಾಯಿ ಮುಚ್ಕೊಂಡಿರೋದ್ರಿಂದ ಮೆತ್ತಗಿನ ದನಿನೂ ಚೆನ್ನಾಗಿ ಕೇಳತ್ತೆ.

ಎಷ್ಟು ದೂರ ಅನ್ನೋ ಪ್ರಶ್ನೆಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಸಮಸ್ಯೆಗೆ ಪರಿಹಾರ ಇರೋದು ಇಲ್ಲೇ. 5 ಸೆಂಟಿಮೀಟರ್ ತ್ರಿಜ್ಯದ ಒಂದು ದುಂಡು ಸುರುಳಿ ತಗೊಳ್ಳಿ. ಅದರ ನಟ್ಟನಡುವೆ ಕ್ಷೇತ್ರ 100 ಅಂತ ಇಟ್ಕೊಂಡ್ರೆ, ನೇರ ಮೇಲಕ್ಕೆ 5 ಸೆಂಟಿಮೀಟರ್ ಹೋದಾಗ 35, 10ಕ್ಕೆ ಹೋದಾಗ 9, 20ಕ್ಕೆ ಹೋದಾಗ 1.4, 40ಕ್ಕೆ ಹೋದಾಗ 0.2. ನೋಡಿ ಹೇಗೆ ಬಿದ್ದು ಹೋಗತ್ತೆ. ದೂರ ಎರಡು ಪಟ್ಟಾದ್ರೆ ಕ್ಷೇತ್ರ ಎಂಟರಲ್ಲಿ ಒಂದು ಭಾಗ ಆಗೋ ಕಡೆ ಹೋಗ್ತಾ ಇದೆ, ದೂರದ ಘನಕ್ಕೆ ತಕ್ಕಂತೆ ಇಳಿಯೋದು ಅಂದ್ರೆ ಇದು. ಅದೇ ಸುರುಳಿಯಿಂದ ರೇಂಜು ಎರಡು ಪಟ್ಟು ಮಾಡ್ಬೇಕು ಅಂದ್ರೆ ಕರೆಂಟು ಎಂಟು ಪಟ್ಟು ಬೇಕು, ಪವರ್ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರೋದ್ರಿಂದ 64 ಪಟ್ಟು. ಪವರ್ ಜಾಸ್ತಿ ಮಾಡಿ ರೇಂಜ್ ತಗೋತೀನಿ ಅನ್ನೋರು ಇಲ್ಲೇ ಸೋಲೋದು. ಅಲೆಯ ಸೀಮೆಯಲ್ಲಾದ್ರೆ ದೂರ ಎರಡು ಪಟ್ಟಾದಾಗ ಕ್ಷೇತ್ರ ಬರೀ ಅರ್ಧ ಆಗತ್ತೆ, ಹಾಗಾಗಿ ಅದು ಹೋಗ್ತಾನೇ ಇರತ್ತೆ.

ಬಹಳ ಜನ ಇದನ್ನ ಕಾಂತಕ್ಷೇತ್ರದ ದೌರ್ಬಲ್ಯ ಅಂತ ಬರೀತಾರೆ. ನಿಮ್ಮಂಥೋರಿಗೆ ಇದು ವರ. ನಿಮಗೆ ಬೇಕಿರೋದು ಟೂಲು ಈ ಕಟ್ಟಡದಲ್ಲಿ ಎಲ್ಲೋ ಇದೆ ಅನ್ನೋ ಮಾಹಿತಿ ಅಲ್ವಲ್ಲ, ಮೂರನೇ ಕಪಾಟಿನ ಎರಡನೇ ಡ್ರಾಯರಲ್ಲಿ ಇದೆಯಾ ಅನ್ನೋದು. ಕ್ಷೇತ್ರ 10 ಸೆಂಟಿಮೀಟರಲ್ಲಿ 9 ಇದ್ದದ್ದು 20ರಲ್ಲಿ 1.4 ಆಗತ್ತೆ ಅಂದ್ರೆ ಡ್ರಾಯರ್ ಒಳಗಿಂದು ಓದಿ ಮೇಲಿನ ಡ್ರಾಯರಿಂದು ಓದದೇ ಇರೋ ಹಾಗೆ ಗೆರೆ ಎಳೆಯೋದು ಸಾಧ್ಯ. ಓದ್ತು ಅಂದ್ರೆ ಅಲ್ಲೇ ಇದೆ. ದೂರದಿಂದ ಓದೋ ವ್ಯವಸ್ಥೆಯಲ್ಲಿ ಸಿಗ್ನಲ್ ಎಷ್ಟು ಜೋರಿದೆ, ಯಾವ ದಿಕ್ಕಿಂದ ಬಂತು ಅಂತ ಲೆಕ್ಕ ಹಾಕಿ ಜಾಗ ಊಹೆ ಮಾಡ್ಬೇಕು, ಇಲ್ಲಿ ಭೌತಶಾಸ್ತ್ರನೇ ಬೇಲಿ ಹಾಕಿ ಕೊಡತ್ತೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ರೇಂಜಿನ ವಿಷಯದಲ್ಲೂ ಹಾಗೇ, ಕರಪತ್ರದಲ್ಲಿ ಹತ್ತು ಮೀಟರ್ ಅಂತ ನೋಡಿ ಖುಷಿಯಾಗತ್ತೆ, ತಂದು ಹಾಕಿದ ಮೇಲೆ ಆ ಹತ್ತು ಮೀಟರೇ ತಲೆನೋವು.

ಸುರುಳಿ ಎಷ್ಟು ದೊಡ್ಡದಿರ್ಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಕರೆಂಟು, ಸುತ್ತು ಎರಡೂ ಬದಲಾಗದೆ ಇದ್ರೆ, ಸುರುಳಿಯ ತ್ರಿಜ್ಯ ಓದ್ಬೇಕಾದ ದೂರದ 1.41 ಪಟ್ಟು ಇದ್ದಾಗ ಆ ದೂರದಲ್ಲಿ ಅತೀ ಹೆಚ್ಚು ಕ್ಷೇತ್ರ ಸಿಗತ್ತೆ. 10 ಸೆಂಟಿಮೀಟರ್ ಎತ್ತರ ಓದ್ಬೇಕು ಅಂದ್ರೆ 14 ಸೆಂಟಿಮೀಟರ್ ತ್ರಿಜ್ಯ. ಇದಕ್ಕಿಂತ ದೊಡ್ಡದು ಮಾಡಿದ್ರೆ ನಡುವೆ ಕ್ಷೇತ್ರ ತೆಳುವಾಗತ್ತೆ, ಜೊತೆಗೆ ಹೊರಗಿನ ಗಲಾಟೆನೂ ಜಾಸ್ತಿ ಹಿಡ್ಕೊಳ್ಳತ್ತೆ. ದೊಡ್ಡ ಡ್ರಾಯರಿಗೆ ಒಂದೇ ದೊಡ್ಡ ಸುರುಳಿ ಬದಲು ಎರಡು ಮೂರು ಚಿಕ್ಕದು ಹಾಕಿ ಒಂದಾದ ಮೇಲೆ ಒಂದು ಆನ್ ಮಾಡೋದು ಒಳ್ಳೇದು, ಟೂಲು ಡ್ರಾಯರಿನ ಎಡಕ್ಕಿದೆಯಾ ಬಲಕ್ಕಿದೆಯಾ ಅಂತ ಕೂಡ ಗೊತ್ತಾಗತ್ತೆ.

ಈಗ ಕಬ್ಬಿಣದ ವಿಷಯ. ಕಾಂತಕ್ಷೇತ್ರ ನೀರು, ಎಣ್ಣೆ, ಮರ, ಪ್ಲಾಸ್ಟಿಕ್, ಮೈ ಕೈ ಇವೆಲ್ಲದರ ಒಳಗೆ ಗಾಳಿಯಲ್ಲಿ ಹೋದ ಹಾಗೇ ಹೋಗತ್ತೆ, ಅವುಗಳ ಕಾಂತ ಗುಣ ಗಾಳಿಗಿಂತ ಹೆಚ್ಚು ಬೇರೆ ಇಲ್ಲ. ಗ್ರೀಸು ಮೆತ್ತಿದ್ರೂ ಪರವಾಗಿಲ್ಲ, ಕೂಲೆಂಟಲ್ಲಿ ನೆನೆದಿದ್ರೂ ಓದತ್ತೆ. ಯುಎಚ್‌ಎಫ್ ನೀರು ಕಂಡ್ರೆ ಸೋತು ಹೋಗತ್ತೆ. ಲೋಹ ಮಾತ್ರ ಬೇರೆ. ಬದಲಾಗೋ ಕ್ಷೇತ್ರ ಲೋಹಕ್ಕೆ ತಾಗಿದ್ರೆ ಅದರ ಮೈ ಮೇಲೆ ಸುಳಿ ಸುಳಿಯಾಗಿ ಕರೆಂಟ್ ಹುಟ್ಟತ್ತೆ, ಆ ಕರೆಂಟು ತನ್ನದೇ ಕ್ಷೇತ್ರ ಮಾಡಿ ಮೂಲ ಕ್ಷೇತ್ರವನ್ನ ವಿರೋಧಿಸತ್ತೆ, ಲೋಹದ ಮೈಗೆ ಅಂಟಿಸಿದ ಟ್ಯಾಗಿನ ಸುರುಳಿಯೊಳಗೆ ಹಾಯೋಕೆ ಏನೂ ಉಳಿಯಲ್ಲ. ಅದರ ಮೇಲೆ ಸುರುಳಿಯ ಇಂಡಕ್ಟೆನ್ಸ್ ಕಮ್ಮಿಯಾಗಿ ಜೋಕಾಲಿಯ ವೇಗನೂ ಏರಿಬಿಡತ್ತೆ, ರೀಡರ್ ಒಂದು ತಾಳದಲ್ಲಿ ತಳ್ತಾ ಇದ್ರೆ ಟ್ಯಾಗು ಇನ್ನೊಂದರಲ್ಲಿ.

ನಾನೇ ಕಂಡಿದ್ದು ಹೇಳ್ತೀನಿ. ಒಂದು ಕಡೆ ರೀಡರ್ ಆಂಟೆನಾನ ಮರದ ಟೇಬಲ್ ಮೇಲೆ ಟ್ಯೂನ್ ಮಾಡಿ ಚೆನ್ನಾಗಿ ಓದ್ತಾ ಇದ್ದದ್ದನ್ನ ತಗೊಂಡು ಹೋಗಿ ಸ್ಟೀಲ್ ಡ್ರಾಯರಿನ ತಳಕ್ಕೆ ಇಟ್ವಿ, ಒಂದೇ ಒಂದು ಟ್ಯಾಗೂ ಇಲ್ಲ. ಕೇಬಲ್ ಬದಲಾಯಿಸಿದ್ವಿ, ರೀಡರ್ ಬದಲಾಯಿಸಿದ್ವಿ, ಸಾಫ್ಟ್‌ವೇರ್ ಬೈದ್ವಿ. ಕೊನೆಗೆ ಸಿಟ್ಟಲ್ಲಿ ಆಂಟೆನಾ ಎತ್ತಿ ಕೈಯಲ್ಲಿ ಹಿಡ್ಕೊಂಡಾಗ ಸ್ಕ್ರೀನ್ ಮೇಲೆ ನಂಬರುಗಳು ಬರೋಕೆ ಶುರುವಾದ್ವು. ಮೆಲ್ಲಗೆ ಕೆಳಗಿಳಿಸಿದ್ರೆ ಒಂದೊಂದಾಗಿ ಮಾಯ, ಎತ್ತಿದ್ರೆ ವಾಪಸ್. ಕೊನೆಗೆ ತಳಕ್ಕೆ ಫೆರೈಟ್ ಹಾಳೆ ಹಾಸಿ, ಅದರ ಮೇಲೆ ಎರಡು ಬೆರಳಷ್ಟು ದಪ್ಪದ ಫೋಮ್ ಇಟ್ಟು, ಆಂಟೆನಾನ ಅದೇ ಡ್ರಾಯರ್ ಒಳಗೇ ಇಟ್ಕೊಂಡು ಮತ್ತೆ ಟ್ಯೂನ್ ಮಾಡಿದ ಮೇಲೆ ಸರಿಹೋಯ್ತು. ಆವತ್ತಿಂದ ನಾನು ಆಂಟೆನಾನ ಅದು ಕೂರೋ ಜಾಗದಲ್ಲೇ ಟ್ಯೂನ್ ಮಾಡೋದು, ಬೇರೆ ಕಡೆ ಮಾಡಿದ ಟ್ಯೂನಿಂಗ್ ಲೆಕ್ಕಕ್ಕೇ ತಗೊಳ್ಳಲ್ಲ.

ಫೆರೈಟ್ ಅಂದ್ರೆ ಕಬ್ಬಿಣದ ಆಕ್ಸೈಡ್ ಸೇರಿಸಿ ಮಾಡೋ ಪಿಂಗಾಣಿ ಥರದ್ದು, ಕಾಂತರೇಖೆಗಳಿಗೆ ಹೆದ್ದಾರಿ, ಆದ್ರೆ ವಿದ್ಯುತ್ತು ಸರಿಯಾಗಿ ಹರಿಯಲ್ಲ, ಹಾಗಾಗಿ ಸುಳಿ ಕರೆಂಟ್ ಹುಟ್ಟಲ್ಲ. ಟ್ಯಾಗಿಗೂ ಲೋಹಕ್ಕೂ ಮಧ್ಯೆ ತೆಳ್ಳನೆ ಫೆರೈಟ್ ಹಾಳೆ ಇದ್ರೆ ಕ್ಷೇತ್ರ ಲೋಹಕ್ಕೆ ಮುಟ್ಟದೇ ಪಕ್ಕಕ್ಕೆ ಹರಿದು ವಾಪಸ್ ಹೋಗತ್ತೆ. ಅಂಗಡಿಯಲ್ಲಿ ಆನ್‌ಮೆಟಲ್ ಟ್ಯಾಗ್ ಅಂತ ಕೇಳಿ ತಗೊಳ್ಳಿ, ಅದರ ಚಿಪ್ಪು ಸುರುಳಿ ಫೆರೈಟ್ ಜೊತೆಗೇ ಟ್ಯೂನ್ ಆಗಿರತ್ತೆ. ಸಾದಾ ಸ್ಟಿಕ್ಕರ್ ತಂದು ಕೆಳಗೆ ನೀವೇ ಫೆರೈಟ್ ಅಂಟಿಸಿದ್ರೆ ಇಂಡಕ್ಟೆನ್ಸ್ ಏರಿ ಟ್ಯೂನಿಂಗ್ ಕೆಳಗೆ ಜಾರತ್ತೆ, ಓದೋದು ಓದತ್ತೆ ಆದ್ರೆ ಅರ್ಧಂಬರ್ಧ.

ಫ್ರೀಕ್ವೆನ್ಸಿ ಕಮ್ಮಿ ಮಾಡಿದ್ರೆ ಲೋಹದ ಕಾಟ ಸ್ವಲ್ಪ ಕಮ್ಮಿಯಾಗತ್ತೆ. ಕ್ಷೇತ್ರ ಲೋಹದೊಳಗೆ ಎಷ್ಟು ಆಳ ಇಳಿಯತ್ತೆ ಅನ್ನೋದು ಫ್ರೀಕ್ವೆನ್ಸಿ ಮೇಲೆ ನಿಂತಿದೆ. ಅಯಸ್ಕಾಂತಕ್ಕೆ ಅಂಟದ 304 ಥರದ ಸ್ಟೇನ್‌ಲೆಸ್ ಸ್ಟೀಲಲ್ಲಿ 134 ಕಿಲೋಹರ್ಟ್ಸ್ ಕ್ಷೇತ್ರ ಸುಮಾರು 1.2 ಮಿಲಿಮೀಟರ್ ಹೋಗೋವರೆಗೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳ್ಕೊಂಡಿರತ್ತೆ, 13.56 ಮೆಗಾಹರ್ಟ್ಸ್‌ನಲ್ಲಿ ಆ ಆಳ ಬರೀ 0.12 ಮಿಲಿಮೀಟರ್. ಅಯಸ್ಕಾಂತ ಅಂಟೋ ಸಾದಾ ಉಕ್ಕಲ್ಲಿ ಎರಡೂ ಇನ್ನೂ ಕಮ್ಮಿ. ಅದಕ್ಕೇ ಐಇಇಇ 1902.1 ಅನ್ನೋ ಸ್ಟ್ಯಾಂಡರ್ಡ್ ಇದೆ, ರೂಬೀ ಅಂತ ಹೆಸರು, 131 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರದಲ್ಲೇ ಮಾತಾಡೋದು, ಟ್ಯಾಗಿನಲ್ಲಿ ಬ್ಯಾಟರಿ ಇರೋದ್ರಿಂದ ಕೆಲವು ಮೀಟರ್ ದೂರ ಬರತ್ತೆ, ಬಂದೂಕು ಮತ್ತೆ ಉಪಕರಣ ಇಡೋ ಉಕ್ಕಿನ ಕಪಾಟುಗಳಿಗೆ ಅಂತಾನೇ ಜನ ಅದನ್ನ ನೋಡ್ತಾರೆ. ವೇಗ ಮಾತ್ರ ಸೆಕೆಂಡಿಗೆ 1200 ಬಿಟ್. ಎಚ್‌ಎಫ್‌ನ 15693 ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಸೆಕೆಂಡಿಗೆ 26 ಸಾವಿರ ಬಿಟ್ ದಾಟತ್ತೆ. ಒಂದು ಡ್ರಾಯರಲ್ಲಿ ಮೂವತ್ತು ನಲವತ್ತು ಟೂಲು ಇದ್ದಾಗ ಈ ವೇಗ ಬೇಕಾಗತ್ತೆ, ಹಾಗಾಗಿ ನಿಮಗೆ ನಾನು ಹೇಳೋದು ಎಚ್‌ಎಫ್.

ಇಷ್ಟು ಟ್ಯಾಗು ಒಟ್ಟಿಗೆ ಮಾತಾಡಿದ್ರೆ ಗಲಾಟೆ ಆಗಲ್ವಾ ಅಂದ್ರೆ, ಅದಕ್ಕೆ ಸರದಿ ವ್ಯವಸ್ಥೆ ಇದೆ. ಪ್ರತಿ ಟ್ಯಾಗಿಗೂ 64 ಬಿಟ್‌ನ ಬೇರೆ ಬೇರೆ ನಂಬರ್ ಇರತ್ತೆ, ರೀಡರ್ 16 ಸರದಿ ಕರೆಯತ್ತೆ, ನಂಬರಿನ ಕೊನೇ ನಾಲ್ಕು ಬಿಟ್ ಯಾವ ಸರದಿಗೆ ಹೊಂದತ್ತೋ ಆವಾಗ ಮಾತ್ರ ಟ್ಯಾಗು ಬಾಯಿ ತೆಗೀಬೇಕು, ಒಂದೇ ಸರದಿಗೆ ಇಬ್ಬರು ಬಂದ್ರೆ ಮುಂದಿನ ನಾಲ್ಕು ಬಿಟ್ ನೋಡಿ ಮತ್ತೆ ಬೇರೆ ಮಾಡತ್ತೆ. ಇದು ಚೆನ್ನಾಗೇ ನಡಿಯತ್ತೆ. ಕೈ ಕೊಡೋದು ಟ್ಯಾಗುಗಳು ಒಂದರ ಮೇಲೊಂದು ಕೂತಾಗ, ಸುರುಳಿ ಸುರುಳಿಗೆ ಅಂಟ್ಕೊಂಡು ಎರಡರ ಟ್ಯೂನಿಂಗೂ ಹಾಳು.

ದಿಕ್ಕಿನ ವಿಷಯ ಬಾಯಲ್ಲಿ ಹೇಳೋದಕ್ಕಿಂತ ಒಂದು ಪ್ರಯೋಗ ಮಾಡಿ, ನಿಮ್ಮ ಸ್ಟೋರಿನೋರಿಗೂ ತೋರಿಸಿ. ತೆಳ್ಳನೆ ವೈಂಡಿಂಗ್ ವೈರನ್ನ ಒಂದು ಕಾರ್ಡಿನ ಅಂಚಿನ ಸುತ್ತ ಐದಾರು ಸುತ್ತು ಸುತ್ತಿ ತೆಗೀರಿ, ಎರಡು ತುದಿಯ ವಾರ್ನಿಷ್ ಬ್ಲೇಡಲ್ಲಿ ಕೆರೆದು ಒಂದು ಕೆಂಪು ಎಲ್‌ಇಡಿಯ ಕಾಲುಗಳಿಗೆ ಸೇರಿಸಿ. ಎನ್‌ಎಫ್‌ಸಿ ಇರೋ ಫೋನ್ ಅನ್‌ಲಾಕ್ ಮಾಡಿ, ಎನ್‌ಎಫ್‌ಸಿ ಆನ್ ಮಾಡಿ, ಬೆನ್ನಿನ ಮೇಲೆ ಈ ಸುರುಳಿ ಸರಿಸ್ತಾ ಹೋಗಿ. ಒಂದು ಜಾಗದಲ್ಲಿ ಎಲ್‌ಇಡಿ ಮಿಣಕ್ ಮಿಣಕ್ ಅಂತ ಹೊತ್ತತ್ತೆ, ಫೋನು ಟ್ಯಾಗ್ ಇದೆಯಾ ಅಂತ ಕೂಗಿ ಕೂಗಿ ಕೇಳ್ತಾ ಇರೋದು ಅದು. ಈಗ ಸುರುಳಿಯನ್ನ ಮೆಲ್ಲಗೆ ಎಬ್ಬಿಸಿ ನೆಟ್ಟಗೆ ನಿಲ್ಲಿಸಿ, ಆರಿ ಹೋಗತ್ತೆ. ರೇಖೆಗಳು ಸುರುಳಿಯ ಒಳಗೆ ಹಾಯದೆ ಅದರ ಅಂಚಿನ ಪಕ್ಕದಲ್ಲೇ ಜಾರಿ ಹೋಗ್ತಾ ಇದಾವೆ. ಮತ್ತೆ ಮಲಗಿಸಿ, ಮಧ್ಯಕ್ಕೆ ಒಂದು ಸ್ಟೀಲ್ ಸ್ಕೇಲ್ ತೂರಿಸಿ, ಮಂಕಾಗತ್ತೆ ಇಲ್ಲಾ ಪೂರ್ತಿ ಆರತ್ತೆ. ಸ್ಕೇಲ್ ತೆಗೆದು ಅಂಗೈ ತೂರಿಸಿ, ಕೈಯ ದಪ್ಪಕ್ಕೆ ದೂರ ಆಗಿದ್ದಷ್ಟೇ ನಷ್ಟ, ಮಾಂಸದಿಂದ ಏನೂ ಆಗಲ್ಲ. ನಾನು ಇಲ್ಲಿ ಬರೆದಿದ್ದರಲ್ಲಿ ಮುಕ್ಕಾಲು ಪಾಲು ಆ ಚಿಕ್ಕ ದೀಪದಲ್ಲೇ ಇದೆ.

ಹಾಗಾದ್ರೆ ನಿಮ್ಮ ಡ್ರಾಯರಲ್ಲಿ ಏನು ಮಾಡ್ಬೇಕು. ಪ್ರತಿ ಡ್ರಾಯರಿನ ತಳಕ್ಕೆ ಫೆರೈಟ್, ಅದರ ಮೇಲೆ ಫೋಮು, ಅದರ ಮೇಲೆ ಸುರುಳಿ, ಎಲ್ಲದರ ಮೇಲೆ ಟೂಲಿನ ಆಕಾರಕ್ಕೆ ಕೊರೆದ ಫೋಮ್ ಟ್ರೇ. ಈ ಕೊರೆದ ಟ್ರೇ ನೋಡೋಕೆ ಚೆಂದ ಅಂತ ಅಲ್ಲ, ಟೂಲು ಒಂದೇ ರೀತಿ ಕೂರತ್ತೆ, ಟ್ಯಾಗು ಯಾವಾಗ್ಲೂ ಸುರುಳಿ ಕಡೆ ಮುಖ ಮಾಡಿರತ್ತೆ, ದಿಕ್ಕಿನ ಸಮಸ್ಯೆ ಅಲ್ಲಿಗೆ ಮುಗೀತು. ಟ್ಯಾಗು ಟೂಲಿನ ಕೆಳಗೆ ಇರ್ಲಿ, ಮೇಲೆ ಅಂಟಿಸಿದ್ರೆ ಟೂಲೇ ಅಡ್ಡ ಬರತ್ತೆ. ಟೂಲು ಕಲೆಸಿ ಬೀಳೋ ಡ್ರಾಯರ್ ಇದ್ರೆ ಪಕ್ಕದ ಗೋಡೆಗೂ ಒಂದು ಸುರುಳಿ ಬೇಕಾಗತ್ತೆ. ಚಿಕ್ಕ ಡ್ರಿಲ್ ಬಿಟ್‌ಗಳು, ಟ್ಯಾಪು ಇಂಥದ್ದಕ್ಕೆ ಟ್ಯಾಗ್ ಹಚ್ಚೋಕೆ ಹೋಗ್ಬೇಡಿ, ಮೂಗಿಗಿಂತ ಮೂಗುತಿ ಭಾರ ಆಗತ್ತೆ, ಅವನ್ನ ಒಂದು ಡಬ್ಬಿಗೆ ಹಾಕಿ ಡಬ್ಬಿಗೆ ಟ್ಯಾಗ್ ಹಚ್ಚಿ. ಇನ್ನೊಂದು ಮಾತು, ಇಷ್ಟು ದಿನ ಶತ್ರು ಆಗಿದ್ದ ನಿಮ್ಮ ಸ್ಟೀಲ್ ಕಪಾಟು ಇಲ್ಲಿ ನಿಮ್ಮ ಕಡೆ ಬರತ್ತೆ. ಪ್ರತಿ ಡ್ರಾಯರಿನ ತಳದ ಸ್ಟೀಲು ಕೆಳಗಿನ ಡ್ರಾಯರಿಗೆ ಕ್ಷೇತ್ರ ಹೋಗದ ಹಾಗೆ ತಡೀತದೆ, ಈಗಾಗ್ಲೇ ಗಿಡ್ಡ ಇರೋ ರೇಂಜಿಗೆ ಗೋಡೆ ಬೇರೆ ಸಿಕ್ಕಿತು. ಡ್ರಾಯರ್ ಮುಚ್ಚಿದ ಕೂಡ್ಲೆ ಸ್ವಿಚ್ ಒತ್ತಿ ಒಂದು ಸಲ ಓದೋ ಹಾಗೆ ಮಾಡಿ, ಇಡೀ ದಿನ ಕ್ಷೇತ್ರ ಆನ್ ಇಡೋ ಅವಶ್ಯಕತೆ ಇಲ್ಲ. ತೆರೆದಾಗ ಯಾರ ಕಾರ್ಡ್ ಇತ್ತು, ಮುಚ್ಚಿದಾಗ ಯಾವ ನಂಬರ್ ಕಮ್ಮಿಯಾಯ್ತು, ಎರಡನ್ನೂ ಸೇರಿಸಿದ್ರೆ ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಸಿಕ್ತು.

600ಕ್ಕೂ ಒಟ್ಟಿಗೆ ಆರ್ಡರ್ ಹಾಕ್ಬೇಡಿ. ಒಂದು ಡ್ರಾಯರ್ ತಗೊಳ್ಳಿ, ಅದೂ ನಿಮ್ಮಲ್ಲಿ ಅತೀ ಹೆಚ್ಚು ಕಬ್ಬಿಣ ತುಂಬಿರೋದು, ಎರಡು ಥರದ ಆನ್‌ಮೆಟಲ್ ಟ್ಯಾಗ್ ಹತ್ತತ್ತು ತರಿಸಿ, ಡ್ರಾಯರ್ ತುಂಬಿರುವಾಗ್ಲೇ ಟ್ಯೂನ್ ಮಾಡಿಸಿ, ಆಮೇಲೆ 100 ಸಲ ತೆರೆದು ಮುಚ್ಚಿ ಪ್ರತಿ ಸಲ ಎಷ್ಟು ಓದ್ತು ಅಂತ ಬರೆದಿಡಿ. ಖಾಲಿ ಡ್ರಾಯರಲ್ಲಿ ತೋರಿಸೋ ಡೆಮೊ ಒಪ್ಕೋಬೇಡಿ. ಯಾವ ಟೂಲು ಪದೇ ಪದೇ ತಪ್ಪತ್ತೋ ಅದರ ಟ್ಯಾಗಿನ ಜಾಗ ಬದಲಾಯಿಸಿ ನೋಡಿ, ಆದ್ರೂ ಆಗ್ಲಿಲ್ಲ ಅಂದ್ರೆ ಡ್ರಾಯರಿನ ಉದ್ದ ಅಗಲ ಎತ್ತರ, ಫೋಮಿನ ದಪ್ಪ ಮತ್ತೆ ಆ ಟೂಲಿನ ಒಂದು ಫೋಟೋ ಕಳಿಸಿ, ಸುರುಳಿ ಎಷ್ಟು ದೊಡ್ಡದು, ಎಷ್ಟು ಸುತ್ತು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.